ಹನ್ನೊಂದು ಕೊರಳು, ಒಂದೇ ಬೀಗ

"ಹನ್ನೊಂದು ಕೊರಳಿಗೂ ಸೇರಿಸಿ ಒಂದೇ ಬೀಗ ಹಾಕೋ ಬುದ್ಧಿ ಯಾವ ಪುಣ್ಯಾತ್ಮನಿಗೆ ಬಂತಪ್ಪಾ?"

ಅತ್ತಿಗೆ ಜೋರಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಕೊಟ್ಟಿಗೆಯಲ್ಲಿ ನರಪಿಳ್ಳೆ ಇರಲಿಲ್ಲ. ಮೊಣಕಾಲುದ್ದ ಹೂಳು, ಗೋಡೆಯ ಮೇಲೆ ಬಾಗಿಲಿನ ಎತ್ತರಕ್ಕೆ ನೀರು ಎಳೆದು ಹೋದ ಕಂದು ಗೆರೆ, ಗೋದಲಿಯ ಉದ್ದಕ್ಕೂ ಬಿದ್ದ ಕಬ್ಬಿಣದ ಸರಪಳಿ. ಅದರ ಈಚೆ ತುದಿಯನ್ನು ಮುಷ್ಟಿಗಾತ್ರದ ಬೀಗ ಇನ್ನೂ ಕಚ್ಚಿಕೊಂಡೇ ಇತ್ತು. ಆಚೆ ತುದಿಯಲ್ಲಿ ಗೋಡೆಯೇ ಇರಲಿಲ್ಲ. ಅದು ಕುಸಿದದ್ದರಿಂದ ಕೊನೆಯ ನಾಲ್ಕು ಹಸುಗಳು ಹೇಗೋ ಜಾರಿಕೊಂಡು ಈಜಿ ಬದುಕಿದವು. ಏಳು ಕಟ್ಟಿದಲ್ಲೇ ಮುಳುಗಿದವು.

ಬುದ್ಧಿ ಯಾರದೆಂದು ಅವಳಿಗೆ ಗೊತ್ತಿಲ್ಲದೆ ಏನು? ಮೈದುನನದು. ಎರಡು ವರ್ಷದ ಹಿಂದೆ ಒಂದು ಕರು ಕಳುವಾಯಿತೆಂದು ಹಗ್ಗ ತೆಗೆಸಿ ಸರಪಳಿ ಹಾಕಿಸಿದ. ಅದಕ್ಕೂ ಮುಂಚೆ ಕಟ್ಟುತ್ತಿದ್ದವಳು ಇವಳು. ತುದಿ ಹಿಡಿದು ಒಮ್ಮೆ ಎಳೆದರೆ ಸಾಕು, ಗಂಟು ತಾನೇ ಬಿಚ್ಚಿಕೊಳ್ಳುತ್ತಿತ್ತು. "ದನ ಕಟ್ಟುವ ಗಂಟನ್ನು ಕುರುಡನೂ ಬಿಚ್ಚುವ ಹಾಗಿರಬೇಕು ತಾಯಿ," ಅನ್ನುತ್ತಿದ್ದರು ಮಾವ. ಆ ಗಂಟನ್ನೂ, ಹಾಲು ಕರೆಯುವಾಗ ಹಾಡುವ ಪದಗಳನ್ನೂ ಅವರಿಂದಲೇ ಕಲಿತದ್ದು. ಸರಪಳಿಯ ಹಿಂದೆಯೇ ಹಾಲು ಕರೆಯುವ ಯಂತ್ರ ಬಂತು. "ಅತ್ತಿಗೆ, ಇನ್ನು ನೀವು ಆರಾಮಾಗಿರಿ," ಅಂದ ಮೈದುನ. ಇಪ್ಪತ್ತು ವರ್ಷ ಕರೆದ ಕೈಗೆ ಅಷ್ಟೇ ಮರ್ಯಾದೆ. ಗಂಡನೂ ಮಾವನೂ ಇಲ್ಲದ ಮನೆಯಲ್ಲಿ ಆ ಕೆಲಸವೂ ಇಲ್ಲವಾದಾಗ ಮೇಲಿನ ಬೀದಿಯಲ್ಲಿ ಕೋಣೆ ಹಿಡಿದು ಹೋದಳು.

ನಿನ್ನೆ ಅದೇ ಮೈದುನ ಮೇಲಿನ ಬೀದಿಯ ಅವಳ ಕೋಣೆಯ ಮುಂದೆ ಬಂದು ನಿಂತಿದ್ದ. ಪ್ರವಾಹ ಇಳಿದು ಮೂರು ದಿನ, ಕರೆಂಟಿಲ್ಲ, ನಾಲ್ಕು ಹಸುಗಳ ಕೆಚ್ಚಲು ಕಲ್ಲಾಗಿದೆ ಎಂದ.

"ಯಂತ್ರ ಏನಾಯ್ತು?"

"ಎಲ್ಲಾ ನೀರುಪಾಲು ಅತ್ತಿಗೆ. ನೀರು ಹೇಗೆ ನುಗ್ಗಿತು ಅಂದ್ರೆ, ಬೀಗ ತೆಗೆಯೋಕೂ ಟೈಮ್ ಸಿಗಲಿಲ್ಲ."

ಅವಳು ಹಾಗೆಯೇ ನಂಬಿದಳು. ನೀರಿನ ಮುಂದೆ ಯಾರ ಆಟ ನಡೆದೀತು?

ಬದುಕಿದ ನಾಲ್ಕನ್ನೂ ಅಂಗಳದಲ್ಲಿ ಹಗ್ಗದಿಂದ ಕಟ್ಟಿದ್ದಳು, ತನ್ನ ಗಂಟೇ ಹಾಕಿ. ಮೊದಲು ಕುಳಿತದ್ದು ಗಯ್ಯಾಳಿಯ ಪಕ್ಕ. ಒದೆಯುವ ಚಟಕ್ಕೆ ಆ ಹೆಸರು. ಕೈ ತಾಗಿದ್ದೇ ಒದೆಯಿತು.

"ಒದಿ ಮಾರಾಯ್ತಿ, ಒದಿ. ಎರಡು ವರ್ಷ ಬಿಟ್ಟು ಹೋದವಳಿಗೆ ಅದೇ ಸರಿ."

ಬಿಸಿನೀರಿನ ಬಟ್ಟೆ ಒತ್ತಿದಳು, ನೀವಿದಳು, ಮಾವನ ಪದವೊಂದನ್ನು ಗೊಣಗುತ್ತ ಹೋದಳು. ಯಂತ್ರಕ್ಕೆ ಒಗ್ಗಿದ ಹಸು ಬಹಳ ಹೊತ್ತು ಬಿಗಿದುಕೊಂಡೇ ನಿಂತಿತ್ತು. ಕಡೆಗೆ ಪದ ನೆನಪಾಯಿತೋ ಕೈ ನೆನಪಾಯಿತೋ, ಮೈ ಸಡಿಲಿಸಿತು. ಮೊದಲು ಬಂದದ್ದು ಹಾಲಲ್ಲ. ಒಡೆದ ಹಾಲಿನ ಗಟ್ಟಿ ಚೂರು, ರಕ್ತದ ಎಳೆ. ಕೆಚ್ಚಲು ಬಾವು. ಎಲ್ಲವನ್ನೂ ನೆಲಕ್ಕೆ ಸುರಿದಳು. ಹೊಸ ಬಟ್ಟೆ ಬೇಕಾಯಿತು. ಮನೆಯಲ್ಲಿ ಒಣ ಚಿಂದಿಯೂ ಇಲ್ಲ. ನೀರು ಮುಟ್ಟದೆ ಉಳಿದದ್ದು ಕೊಟ್ಟಿಗೆಯ ಅಟ್ಟ ಮಾತ್ರ. ಏಣಿ ಹತ್ತಿದಳು.

ಅಟ್ಟದ ಮೇಲೆ ಟಾರ್ಪಾಲು ಹೊದ್ದು ಯಂತ್ರ ಕೂತಿತ್ತು.

ಮೋಟಾರು, ಡಬ್ಬ, ಮೊಲೆಗೆ ಹಾಕುವ ಬಟ್ಟಲುಗಳು. ರಬ್ಬರು ಪೈಪುಗಳನ್ನು ನೀಟಾಗಿ ಸುತ್ತಿಟ್ಟಿತ್ತು, ಮದುವಣಗಿತ್ತಿಯ ಬಳೆಯ ಹಾಗೆ. ಎಲ್ಲೂ ಒಂದು ಹನಿ ಕೆಸರಿಲ್ಲ. ಅವಳು ಲೆಕ್ಕ ಹಾಕಿದಳು. ಇಷ್ಟನ್ನು ಮೇಲಕ್ಕೆ ಸಾಗಿಸಲು ಕಡಿಮೆಯೆಂದರೆ ನಾಲ್ಕು ಸಲ ಏಣಿ ಹತ್ತಿ ಇಳಿದಿರಬೇಕು. ನಾಲ್ಕು ಸಲವೂ ಆ ಏಳರ ಮುಖದ ಮುಂದೆಯೇ. ಅವು ಕೂಗುತ್ತಿರುವಾಗ. ಕೀಲಿ ಜೇಬಿನಲ್ಲಿರುವಾಗ.

ಅವಳು ಏಣಿ ಇಳಿದಳು. ಮೈದುನ ಅಂಗಳದಲ್ಲಿ ಗುದ್ದಲಿ ಹಿಡಿದು ನಿಂತಿದ್ದ.

"ನೀರುಪಾಲಾದ ಯಂತ್ರ ಅಟ್ಟ ಹೇಗೆ ಹತ್ತಿತೋ?"

ಅವನ ಮುಖ ಸುಣ್ಣವಾಯಿತು. "ನೀರು ಹೊಸಿಲು ದಾಟಲ್ಲ ಅಂದ್ಕೊಂಡೆ ಅತ್ತಿಗೆ. ಯಂತ್ರ ನೆಲದ ಮೇಲೇ ಇತ್ತು, ಒದ್ದೆ ಆದ್ರೆ ಕೆಡುತ್ತೆ ಅಂತ…"

"ಹಸು ಒದ್ದೆಯಾದ್ರೆ ಒಣಗುತ್ತೆ ಅಂತಾನಾ?"

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು. ಊರೂರು ಸುತ್ತಿ ಪ್ರವಾಹಕ್ಕೆ ಸಿಕ್ಕ ಕೊಟ್ಟಿಗೆಗಳನ್ನು ನೋಡುತ್ತಿದ್ದ ದನದ ಡಾಕ್ಟರಮ್ಮ, ಬೂಟಿಗೆ ಮೆತ್ತಿದ ಕೆಸರು ಒದರುತ್ತ ಒಳಗೆ ಬಂದಳು. ಗಯ್ಯಾಳಿಯ ಕೆಚ್ಚಲು ಮುಟ್ಟಿ ನೋಡಿ, "ಯಾರಮ್ಮ ಕರೆದದ್ದು? ಈ ಕೈಯಿಂದ ಇದು ಉಳೀತು," ಅಂದಳು. ಆಮೇಲೆ ವಿಷಯಕ್ಕೆ ಬಂದಳು. ನಾಳೆ ಲಾರಿ ಬರುತ್ತದೆ. ನೀರು ಮುಟ್ಟದ ಊರುಗಳ ರೈತರು ಮನೆಗೊಂದು ಗಬ್ಬದ ಕಡಸು ಕೊಟ್ಟಿದ್ದಾರೆ, ಸುಮ್ಮನೆ, ಕೈಯೆತ್ತಿ. ಒಂದೇ ಮಾತು ಕೇಳಿದ್ದಾರೆ: ದನವನ್ನು ಕಟ್ಟಿದಲ್ಲೇ ಬಿಟ್ಟು ಕೊಂದ ಕೊಟ್ಟಿಗೆಗೆ ನಮ್ಮ ಕಡಸು ಹೋಗಬಾರದು.

"ಇಲ್ಲಿ ಬಿಚ್ಚಿ ಬಿಟ್ಟಿದ್ರಾ? ಯಜಮಾನರ ಜೊತೆ ಮನೆಯವರು ಇನ್ನೊಬ್ಬರೂ ಹೌದು ಅಂದ್ರೆ ಸತ್ತ ಏಳಕ್ಕೆ ಏಳು ಕಡಸು ಬರೆದುಕೊಳ್ತೀನಿ. ಕೊಟ್ಟಿಗೆ ನೋಡಿ ಬರ್ತೀನಿ, ಅಷ್ಟರಲ್ಲಿ ಮಾತಾಡಿಕೊಳ್ಳಿ."

ಡಾಕ್ಟರಮ್ಮನ ಬೆನ್ನು ಮರೆಯಾದದ್ದೇ ಮೈದುನ ಅವಳ ಕಾಲಬುಡದಲ್ಲಿ ಕುಕ್ಕರಿಸಿದ.

"ಅತ್ತಿಗೆ, ಕೆಟ್ಟ ಮೇಲೆ ಬುದ್ಧಿ ಬಂದಿದೆ. ಸರಪಳಿ ಕಿತ್ತು ಬಿಸಾಕ್ತೀನಿ. ಯಂತ್ರ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಕೊಟ್ಟಿಗೆ ನಿಮ್ಮದೇ, ಮೊದಲಿನ ಹಾಗೆ ನೀವೇ ಕಟ್ಟಿ, ನೀವೇ ಕರೀರಿ. ಬೀಗ ತೆಗೆದಿದ್ದ ಅಂತ ಒಂದು ಮಾತು."

ಎರಡು ವರ್ಷದಿಂದ ಅವಳು ದೇವರಲ್ಲಿ ಬೇಡಿದ್ದೂ ಅದನ್ನೇ. ಆ ಕೊಟ್ಟಿಗೆ, ಆ ಕೆಚ್ಚಲುಗಳು, ನಸುಕಿನ ಆ ಪದ. ಬೇಡಿದ್ದು ಕಾಲ ಬಳಿ ಬಂದು ಕೂತಿದೆ. ಬೆರಳಿಗೆ ಗಯ್ಯಾಳಿಯ ರಕ್ತದೆಳೆ ಇನ್ನೂ ಅಂಟಿತ್ತು. ಅವಳು ಅದನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ.

"ತಾಯಿ ಹೋದಾಗ ನಿನಗೆ ಮೂರು ವರ್ಷ. ಕಂಕುಳಲ್ಲಿ ಎತ್ತಿಕೊಂಡು ಹಾಲು ಕರೆದಿದ್ದೀನಿ ಕಣೋ."

"ಅದಕ್ಕೇ ಕೇಳ್ತಿರೋದು ಅತ್ತಿಗೆ. ನಿಮ್ಮ ಮಗ ಅಂದ್ಕೊಂಡು ಹೇಳಿ."

ಕೊಟ್ಟಿಗೆಯೊಳಗೆ ಡಾಕ್ಟರಮ್ಮನ ಬೂಟಿಗೆ ಸರಪಳಿ ತಾಗಿ ಘಲ್ಲೆಂದಿತು.

"ಹೇಳಲ್ಲ," ಅಂದಳು ಅತ್ತಿಗೆ. "ಮಗನಾಗಿದ್ರೂ ಹೇಳಲ್ಲ."