ಮಂಚಕ್ಕೂ ಟಿಕೆಟ್ಟು

“ಬೂಟು ಅಲ್ಲೇ ಬಿಡು. ಹೆಂಡತಿಗೂ ಹೇಳು. ನಿಮ್ಮ ಕೇರಿಯ ಕೊಳಕು ನನ್ನ ಮನೆಯೊಳಗೆ ಬೇಡ.”

ಕಾರ್ಸ್‌ವೆಲ್ ತಟ್ಟೆಯಿಂದ ತಲೆ ಎತ್ತದೆ ಹೇಳಿದ. ಹಿತ್ತಿಲ ಬಾಗಿಲಲ್ಲಿ, ಹಿಮ ಕಟ್ಟಿದ ಚಪ್ಪಡಿಯ ಮೇಲೆ, ನಾನೂ ನನ್ನ ಗಂಡ ಆರ್ಚಿ ಬೆವರಿಜ್‌ನೂ ಬರಿಗಾಲಲ್ಲಿ ನಿಂತೆವು. ಒಳಗಿನಿಂದ ಹುರಿದ ಹಂದಿಮಾಂಸದ ವಾಸನೆ ಬರುತ್ತಿತ್ತು. ನಮ್ಮ ಕೇರಿಗೆ ಆ ವಾಸನೆ ಮರೆತೇ ಹೋಗಿತ್ತು.

ಕ್ರೇಗ್‌ಮೂರಿನ ಕಲ್ಲಿದ್ದಲು ಗಣಿ ಅವನದು, ಗಣಿಯವರ ಸಾಲುಮನೆಗಳು ಅವನವು, ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅಧ್ಯಕ್ಷನೂ ಅವನೇ. ಮೇ ತಿಂಗಳಲ್ಲಿ, ಕೂಲಿ ಕಡಿಮೆ ಕೊಡುತ್ತೇನೆ, ಹೊತ್ತು ಹೆಚ್ಚು ದುಡಿಯಿರಿ ಎಂದ. ನಮ್ಮ ಗಂಡಸರು ಆಗುವುದಿಲ್ಲ ಎಂದರು. ಗಣಿಯ ಗೇಟಿಗೆ ಬೀಗ ಜಡಿದ. ಈಗ ನವೆಂಬರು. ಹಸಿವು ತಾಳಲಾರದೆ ಕೆಲವರು ಅವನ ಮಾತಿಗೆ ತಲೆಬಾಗಿ ಗಣಿಗೆ ಇಳಿದಿದ್ದರು. ಆರ್ಚಿ ಇಳಿದಿರಲಿಲ್ಲ.

“ನೋಡು ಬೆವರಿಜ್, ಸೋಮವಾರ ಗಣಿಗೆ ಇಳಿ. ಇಲ್ಲವಾದರೆ ಮನೆ ಖಾಲಿ ಮಾಡು.”

“ಇಳಿಯಾಕಿಲ್ಲ ಸ್ವಾಮಿ.”

“ಹಾಗಾದರೆ ಖಾಲಿ ಮಾಡು. ಆದರೆ ಶನಿವಾರ ಗೋಲು ಕಾಯೋದು ತಪ್ಪಿಸಬೇಡ. ಕಪ್ಪಿನ ಸೆಮಿಫೈನಲ್ಲು. ಎಡಿನ್‌ಬರೋದಿಂದ ನನ್ನ ಅತಿಥಿಗಳು ಬರ್ತಿದ್ದಾರೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಆಡಾಕೆ ನನ್ ಗಂಡ ಬೇಕು, ಬಾಳಾಕೆ ಬ್ಯಾಡ್ವಾ ನಿಮ್ಗೆ?”

“ಹೆಂಡತಿಯನ್ನ ಹದ್ದುಬಸ್ತಿನಲ್ಲಿಡೋ,” ಎಂದವನು ಮಾಂಸದ ಚರ್ಮವನ್ನು ಕಿತ್ತು, ನಮ್ಮ ಮುಂದೆಯೇ ನಾಯಿಗೆ ಎಸೆದ.

ದಾರಿಯುದ್ದಕ್ಕೂ ನಾನು ಆರ್ಚಿಯನ್ನು ಬಿಡಲಿಲ್ಲ. “ಆಡಬ್ಯಾಡ ಕಣ. ಆ ಬೋಳಿಮಗನ ನೆಂಟ್ರ ಮುಂದೆ ಕುಣಿಯಾಕೆ ಹೋಯ್ತೀಯಾ?”

“ಆಟ ಅವನಪ್ಪಂದಲ್ಲ ಕಣೆ ಈಫಿ. ಆ ಮೈದಾನ ಸಮ ಮಾಡ್ದೋನು ನಮ್ಮಪ್ಪ. ಗಣಿ ಕಲ್ಲು ಮಣ್ಣು ಹೊತ್ತೂ ಹೊತ್ತೂ ಬೆನ್ನು ಬಗ್ಗೋಯ್ತು ಅವಂದು. ಅಲ್ಲಿ ನಿಂತಾಗ ನಾನು ಯಾರ್ಗೂ ತಲೆ ಬಗ್ಸಾಕಿಲ್ಲ. ಅದೊಂದ್ನಾರ ಬುಡು ನಂಗೆ.”

ಅವನು ಹೇಳಿದ್ದು ಸುಳ್ಳಲ್ಲ. ಆಗಸ್ಟಿನಿಂದ ನಮ್ಮ ಹುಡುಗರು ಸ್ಕೂಲಿನ ಹಂಡೆಯಲ್ಲಿ ಬೆಂದ ಬಾರ್ಲಿ ಗಂಜಿ ಕುಡಿದು ಆಡಿದ್ದರು. ಹೊಟ್ಟೆ ತುಂಬ ಉಂಡು ಬಂದ ತಂಡಗಳನ್ನೆಲ್ಲ ಸೋಲಿಸಿ ಮನೆಗೆ ಕಳಿಸಿದ್ದರು. ಒಬ್ಬ ಹುಡುಗನಂತೂ ಆಟದ ನಡುವೆ ಕಣ್ಣು ಕತ್ತಲೆ ಬಂದು ಬಿದ್ದು, ಎದ್ದು, ಆಮೇಲೆ ಗೋಲು ಹೊಡೆದ. ಶನಿವಾರ ಬಂತೆಂದರೆ ಕೇರಿಯ ಗಂಡಸರು ನೆಟ್ಟಗೆ ನಡೆಯುತ್ತಿದ್ದರು. ನನ್ನ ಸಿಟ್ಟು ಇಳಿಯಲಿಲ್ಲ, ಬಾಯಿ ಮುಚ್ಚಿಕೊಂಡೆ ಅಷ್ಟೆ.

ಶನಿವಾರ ನಾನು ಕೂಸನ್ನು ಮಂಚದ ಮೇಲೆ ಮಲಗಿಸುತ್ತಿದ್ದಾಗ ಮೈದಾನದ ಕಡೆಯಿಂದ ಆಟ ಶುರುವಾದ ಕೂಗು ಕೇಳಿಸಿತು. ಅದರ ಹಿಂದೆಯೇ ನಮ್ಮ ಬಾಗಿಲು ಬಡಿಯಿತು. ಕೋರ್ಟಿನ ಅಮೀನರು ಇಬ್ಬರು, ಜೊತೆಗೊಬ್ಬ ಪೊಲೀಸಿನವನು. ಕೇರಿಯಲ್ಲಿ ಹೆಂಗಸರು ಬಿಟ್ಟರೆ ಒಬ್ಬ ಗಂಡಸಿಲ್ಲ, ಎಲ್ಲರೂ ಆಟ ನೋಡಲು ಹೋಗಿದ್ದರು. ಕಾರ್ಸ್‌ವೆಲ್ ನೋಡಿ ನೋಡಿ ಅದೇ ಹೊತ್ತನ್ನು ಆರಿಸಿದ್ದ. ನನ್ನ ಗಂಡ ಅಲ್ಲಿ ಅವನ ಗೋಲು ಕಾಯುತ್ತಿರಬೇಕು, ಇಲ್ಲಿ ಅವನು ನಮ್ಮ ಮನೆ ಬರಿದು ಮಾಡಿಸಬೇಕು. ಥೂ, ಅವನ ಬುದ್ಧಿಗಿಷ್ಟು ಬೆಂಕಿ ಹಾಕ.

“ನನ್ ಗಂಡ ಬರೋಗಂಟ ತಡೀರಿ.”

“ಆರ್ಡರ್ ಆಗದೆ ಕಣಮ್ಮ. ಮಗೀನ ಎತ್ಕೊ,” ಎಂದ ಅಮೀನ.

ಮಂಚ, ಮೇಜು, ಪಾತ್ರೆ, ಹಾಸಿಗೆ ಎಲ್ಲವನ್ನೂ ಎತ್ತಿ ಆಚೆ ಕೆಸರಿಗೆ ಹಾಕಿದರು. ಪಕ್ಕದ ಮನೆಯ ಗ್ರಿಜೆಲ್ ಅತ್ತೆ ಒಲೆ ಕೆದಕುವ ಸಲಾಕೆ ಹಿಡಿದೇ ಓಡಿಬಂದಳು. ಅವಳ ಗಂಡ ಗಣಿಯೊಳಗೇ ಸತ್ತವನು.

“ನಿನ್ ಕೈ ಸೇದೋಗ. ಎಳೆ ಮಗ ಮಲಗೋ ಹಾಸಿಗೆ ಕಣೋ ಅದು, ಬೇವರ್ಸಿ.”

ಅಮೀನ ಬಾಗಿಲಿಗೆ ಹೊಸ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ಹೊರಟ. ಅಷ್ಟರಲ್ಲಿ ಸಾಲುಮನೆಗಳ ಹೆಂಗಸರೆಲ್ಲ ಹೊರಗೆ ಬಂದು ನಿಂತಿದ್ದರು.

“ನಮ್ಮನೇಗೆ ತಕ್ಕೊಂಡ್ ನಡಿ ಮಗ,” ಎಂದಳು ಗ್ರಿಜೆಲ್ ಅತ್ತೆ.

“ಬ್ಯಾಡ ಅತ್ತೆ. ನಾಳೀಕೆ ನಿನ್ನೂ ಆಚಿಗ್ ಹಾಕ್ತಾನೆ. ಮಂಚಾನ ಆ ಕಡೆ ಹಿಡ್ಕೊ. ಮೈದಾನಕ್ಕೆ ಹೋಗವ.”

ಅತ್ತೆ ನನ್ನ ಮುಖ ನೋಡಿದಳು. ಸಲಾಕೆ ಬಿಸಾಕಿ ಮಂಚ ಹಿಡಿದಳು. ಮೇಜಿಗೆ ನಾಲ್ವರು ಬಂದರು, ಪಾತ್ರೆಗಳನ್ನು ಉಳಿದವರು ಮಡಿಲಿಗೆ ತುಂಬಿಕೊಂಡರು.

ಮೈದಾನದ ಗೇಟಿನಲ್ಲಿ ಕುಂಟ ವಾಟಿ ಅಭ್ಯಾಸಬಲದಿಂದ ಕೈ ಚಾಚಿದ. “ಟಿಕೆಟ್ಟು?”

“ಮಂಚಕ್ಕೂ ಟಿಕೆಟ್ಟಾ? ಸರ್ಕೊಳ್ಳೋ ಅತ್ಲಾಗೆ.”

ಅವನು ಮಂಚ ನೋಡಿದ, ನನ್ನ ಕಂಕುಳಲ್ಲಿದ್ದ ಕೂಸನ್ನು ನೋಡಿದ. ಗಾಡಿ ಬರುವ ದೊಡ್ಡ ಗೇಟನ್ನೇ ತೆರೆದ.

ಯಾರಿಗೂ ಇನ್ನೂ ಗೋಲು ಬಂದಿರಲಿಲ್ಲ. ಚೆಂಡು ಆ ತುದಿಯಲ್ಲಿತ್ತು. ಈ ತುದಿಯಲ್ಲಿ ಆರ್ಚಿ ಒಬ್ಬನೇ. ನಾವು ಮಂಚವನ್ನು ಎರಡು ಗೋಲುಕಂಬಗಳ ನಡುವೆ, ಗೆರೆಯ ಮೇಲೆಯೇ ಇಳಿಸಿದೆವು. ನಾನು ಕೂಸನ್ನು ಮಲಗಿಸಿ ಶಾಲು ಹೊದಿಸಿದೆ. ಆರ್ಚಿ ತಿರುಗಿ ನೋಡಿದ.

“ಏನಮ್ಮಿ ಇದು? ಸೆಮಿಫೈನಲ್ಲು ಕಣೆ.”

“ಗೊತ್ತು. ನೀನಿಲ್ಲಿ ನಿಂತಿರೋದ ನೋಡ್ಕೊಂಡೇ ಅಲ್ಲಿ ಮನೆ ಖಾಲಿ ಮಾಡ್ಸಿದ್ರು.”

ಅವನ ಮುಖ ಕಪ್ಪಿಟ್ಟಿತು. ಅದೊಂದನ್ನಾದರೂ ಬಿಡು ಎಂದು ಬೇಡಿದವನು ಅವನು. ಈಗ ನನ್ನ ಮೇಲೆಯೇ ತಿರುಗಿಬೀಳುತ್ತಾನೇನೋ ಎಂದು ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಚೆಂಡು ಈ ಕಡೆ ಬಂತು. ಅದರ ಹಿಂದೆ ಓಡಿಬಂದ ಎದುರು ತಂಡದ ಹುಡುಗ ಮಂಚ ಕಂಡು ಗಕ್ಕನೆ ನಿಂತ. ಅವನ ಊರಿನ ಗಣಿಗೂ ಬೀಗ ಬಿದ್ದಿತ್ತು. ಕೆಸರು ಮೆತ್ತಿದ ಹಾಸಿಗೆ ಅಂದರೇನು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚೆಂಡನ್ನು ಗೆರೆಯಾಚೆ ಒದ್ದು, “ಯಾವನ್ಲಾ ಮಾಡಿದ್ದು?” ಎಂದು ಆರ್ಚಿಯನ್ನು ಕೇಳಿದ.

ಆರ್ಚಿ ಅಧ್ಯಕ್ಷರ ಕುರ್ಚಿಗಳ ಕಡೆ ಕೈ ತೋರಿಸಿದ. ಆಮೇಲೆ ಹೆಂಗಸರು ಹಿಡಿದಿದ್ದ ಮೇಜಿನ ಹತ್ತಿರ ಹೋದ. “ಅಲ್ಲಿ ನೆಲ ವಾಲ್ತದೆ. ಈ ಕಡೀಕೆ ಇಡಿ,” ಎಂದು ತಾನೇ ಒಂದು ಮೂಲೆ ಹಿಡಿದ.

ಕಾರ್ಸ್‌ವೆಲ್ ಅತಿಥಿಗಳನ್ನು ಬಿಟ್ಟು, ತುಪ್ಪಳದ ಕೋಟಿನಲ್ಲೇ ಕೆಸರು ತುಳಿದು ಬಂದ. “ಇದು ನನ್ನ ಜಾಗ. ತೆಗೀರಿ ಇದನ್ನ.”

“ನಿಮ್ದೇ ಸ್ವಾಮಿ. ಮನೇನೂ ನಿಮ್ದೇ. ಕೀಲಿ ಕೊಡಿ, ತಗೀತೀನಿ,” ಎಂದೆ ನಾನು.

ಅವನು ಆಟಗಾರರಿಗೆ ಎತ್ತಿರೋ ಎಂದ. ಯಾರೂ ಅಲುಗಲಿಲ್ಲ. ರೆಫರಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಿಂತಿದ್ದ, ಊದಲಿಲ್ಲ. ನಮ್ಮ ಹಿಂದೆಯೇ ಬಂದು ಗೇಟಿನ ಬಳಿ ನಿಂತಿದ್ದ ಪೊಲೀಸಿನವನು ಮೈದಾನದ ತುಂಬ ನೆರೆದ ಗಣಿಯವರನ್ನು ನೋಡಿ, ಇದ್ದಲ್ಲೇ ಉಳಿದ.

ಕೊನೆಗೆ ಕಾರ್ಸ್‌ವೆಲ್ ತಾನೇ ಬಗ್ಗಿ ಮಂಚದ ಕಾಲು ಹಿಡಿದು ಎಳೆದ. ಗ್ರಿಜೆಲ್ ಅತ್ತೆ ಹೋಗಿ ಮಂಚದ ಮೇಲೆ ಕೂತಳು. ಅವಳ ಪಕ್ಕ ಎದುರು ತಂಡದ ಹುಡುಗ ಕೂತ. ಕೂಸಿನ ತಲೆಯ ಹತ್ತಿರ ಆರ್ಚಿ ಕೂತ. ಕಾರ್ಸ್‌ವೆಲ್ ಮತ್ತೆ ಎಳೆದ, ತಾನೇ ಕೆಸರಲ್ಲಿ ಕಾಲು ಜಾರಿ ಮಂಡಿಯೂರಿದ.

“ಮೆಲ್ಲಗೆ ಎಳೀರಿ ಸ್ವಾಮಿ,” ಎಂದೆ. “ಮಗ ಮಲ್ಗವ್ನೆ.”

ಮೊದಲು ನಕ್ಕವನು ಆರ್ಚಿ. ಆಮೇಲೆ ಮೈದಾನವೆಲ್ಲ ನಕ್ಕಿತು. ಕಾರ್ಸ್‌ವೆಲ್ ಮಂಚದ ಕಾಲು ಬಿಡಲಿಲ್ಲ, ನಮ್ಮವರೂ ಏಳಲಿಲ್ಲ.