ನಡುವಿನ ಗೆರೆ

ಜನಸಂಖ್ಯೆ ಇಲಾಖೆಯಲ್ಲಿ ಅವನನ್ನು ಎಲ್ಲರೂ ಗೆರೆಯಪ್ಪ ಅಂತಲೇ ಕರೆಯುತ್ತಿದ್ದರು. ಮುಂದೆ ದೇಶದ ಹೆಂಗಸರು ಎಷ್ಟು ಮಕ್ಕಳನ್ನು ಹೆರುತ್ತಾರೆಂದು ಅಂದಾಜಿಸಿ ಮೂರು ಗೆರೆ ಎಳೆಯುವುದು ಅವನ ಕೆಲಸ. ಮೇಲಿನದು, ನಡುವಿನದು, ಕೆಳಗಿನದು. ಮಂತ್ರಿಗಳು ಕಣ್ಣು ಮುಚ್ಚಿಕೊಂಡು ನಡುವಿನದನ್ನೇ ಒಪ್ಪುತ್ತಾರೆಂಬುದು ಕಚೇರಿಯ ಜವಾನನಿಗೂ ಗೊತ್ತಿತ್ತು.

ಆ ವರ್ಷ ನಿರ್ದೇಶಕರು, "ಸ್ವಲ್ಪ ಹೆದರಿಸೋ ಹಾಗಿರಲಿ ಕಣಯ್ಯಾ. ನಿನ್ನ ಬಡ್ತಿ ನಾನು ನೋಡ್ಕೋತೀನಿ," ಎಂದರು. ಗೆರೆಯಪ್ಪ ಒಂದು ಅಂಕಿಯನ್ನೂ ಸುಳ್ಳು ಬರೆಯಲಿಲ್ಲ, ಅಷ್ಟು ಮರ್ಯಾದಸ್ಥ! ಕೆಳಗಿನ ಗೆರೆಯನ್ನು ತಂದು ನಡುವೆ ಕೂರಿಸಿದ, ಅದರ ಕೆಳಗೆ ಯಾರೂ ನಂಬದ ಇನ್ನೊಂದನ್ನು ಎಳೆದ. ದೇಶಕ್ಕೆ ಮುಂದೆ ಮಕ್ಕಳೇ ಸಾಲುವುದಿಲ್ಲವೆಂದು ಮಂತ್ರಿಗಳು ಬೆಚ್ಚಿಬಿದ್ದರು. ಗರ್ಭ ತಡೆಯುವ ಇಂಜೆಕ್ಷನ್, ಮಾತ್ರೆ ಎಲ್ಲ ಆಸ್ಪತ್ರೆಗಳಲ್ಲಿ ನಿಂತವು, ಅಂಗಡಿಗಳಿಗೂ ಬರಲಿಲ್ಲ. ಗೆರೆಯಪ್ಪನಿಗೆ ಬಡ್ತಿಯ ಜೊತೆ ದೊಡ್ಡ ಕಿಟಕಿಯ ಕೋಣೆಯೂ ಸಿಕ್ಕಿತು.

ಅವನ ತಂಗಿಯದು ದುರ್ಬಲ ಹೃದಯ. ಎರಡನೇ ಹೆರಿಗೆಯಲ್ಲಿ ಸತ್ತು ಬದುಕಿದ್ದಳು. ಇನ್ನೊಂದು ಬಸಿರಾದರೆ ಉಳಿಯುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇಂಜೆಕ್ಷನ್ನೇ ಅವಳಿಗೆ ಕಾವಲು.

"ಅಣ್ಣಾ, ಸ್ಟಾಕ್ ಇಲ್ಲ ಅಂತ ಇವತ್ತೂ ವಾಪಸ್ ಕಳಿಸಿದ್ರು," ಎಂದು ಫೋನ್ ಮಾಡಿದಳು. "ನಿಮ್ಮ ಆಫೀಸಲ್ಲಿ ಒಂದು ಮಾತು ಕೇಳಿ ನೋಡೋ. ನಂಗೆ ಹೆದರಿಕೆ ಆಗುತ್ತೆ."

ಕೇಳಬೇಕಾದರೆ ಗೆರೆ ಜರುಗಿಸಿದ್ದನ್ನೂ ಬಾಯಿಬಿಡಬೇಕು. ಆ ಕಿಟಕಿ ಅವನಿಗೆ ಆಗಲೇ ಅಭ್ಯಾಸವಾಗಿತ್ತು. "ಮುಂದಿನ ತಿಂಗಳು ಬರುತ್ತಂತೆ, ತಲೆ ಕೆಡಿಸ್ಕೋಬೇಡ," ಎಂದ. ಅಣ್ಣ ಹೇಳಿದನಲ್ಲ ಎಂದು ಅವಳು ನಿಶ್ಚಿಂತೆಯಾಗಿ ಕಾದಳು. ಹೇಡಿ, ಕೈಯಾರೆ ತಂಗಿಯನ್ನು ಬಾವಿಗೆ ತಳ್ಳಿದ.

ಮರುವರ್ಷ ಜನನ ನಡುವಿನ ಗೆರೆಯನ್ನು ದಾಟಿತು. ದಾಟದೆ ಇನ್ನೇನು, ಆ ಗೆರೆ ಇದ್ದದ್ದೇ ತಗ್ಗಿನಲ್ಲಿ. "ನೋಡಯ್ಯಾ, ನಮ್ಮ ನೀತಿ ಕೆಲಸ ಮಾಡ್ತು!" ಎಂದು ನಿರ್ದೇಶಕರು ಬೆನ್ನು ತಟ್ಟುತ್ತಿದ್ದಾಗಲೇ ಆಸ್ಪತ್ರೆಯಿಂದ ಫೋನ್ ಬಂತು.

ಅವನು ಎದ್ದುಬಿದ್ದು ಓಡಿಹೋಗುವಷ್ಟರಲ್ಲಿ ತಂಗಿಯ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಹೊರಗೆ, ಬೀಗ ಬಿದ್ದ ಇಂಜೆಕ್ಷನ್ ಕೋಣೆಯ ಬಾಗಿಲಿಗೆ ಇಲಾಖೆಯ ದೊಡ್ಡ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಇಳಿಯುತ್ತಿದ್ದದ್ದು ಅವನದೇ ಗೆರೆ. ತಂಗಿಯ ಗಂಡ ಕೂಸನ್ನು ಎತ್ತಿಕೊಂಡು ಅದರ ಮುಂದೆ ನಿಂತಿದ್ದ. ಅಂಥ ಗೆರೆಗಳನ್ನು ಎಳೆಯುವುದು ತನ್ನ ಅಣ್ಣನೇ ಎಂದು ಹೆಂಡತಿ ಹೆಮ್ಮೆಯಿಂದ ಹೇಳಿದ್ದು ಅವನಿಗೆ ನೆನಪಿತ್ತು.

ಅವನು ಹತ್ತಿರ ಬಂದ. ಕೂಸನ್ನು ಗೆರೆಯಪ್ಪನ ಕೈಗಿಟ್ಟ.

"ತಗೊಳ್ಳಿ ಭಾವ. ದೇಶಕ್ಕೆ ಮಕ್ಕಳು ಸಾಲಲ್ಲ ಅಂದಿದ್ರಲ್ಲ, ಒಂದು ಬಂದಿದೆ. ಲೆಕ್ಕಕ್ಕೆ ಸೇರಿಸ್ಕೊಳ್ಳಿ."

ಹಸಿದ ಕೂಸು ಬಾಯಿ ತೆರೆದು ಗೆರೆಯಪ್ಪನ ಅಂಗಿಯಲ್ಲಿ ಮೊಲೆ ಹುಡುಕತೊಡಗಿತು.