ಗೊಂಬೆಗಳ ವಾರ್ಡು

ಒಂದು ಕಾಲಕ್ಕೆ ಒಂದು ಅರಮನೆ. ಅಲ್ಲಿ ಸಾಲುಸಾಲು ದೀಪ, ಎಲ್ಲಕ್ಕೂ ಎಣ್ಣೆ ಹೊಯ್ಯುವವಳು ಒಬ್ಬಳೇ ಹುಡುಗಿ. ಪರರಾಜ್ಯದವರು ನೋಡಲು ಬರುತ್ತಾರೆಂದರೆ ಸಾಕು, ರಾಜ ಒಂದೊಂದು ದೀಪದ ಪಕ್ಕಕ್ಕೂ ಸೀರೆ ಉಡಿಸಿದ ಮರದ ಗೊಂಬೆ ನಿಲ್ಲಿಸುತ್ತಿದ್ದ. ಚಿಕ್ಕಂದಿನಲ್ಲಿ ಪಂಕಜಾ ಆಮೇಲೇನಾಯಿತು ಎಂದು ಕೇಳುವಷ್ಟರಲ್ಲಿ ಕತೆ ಹೇಳುತ್ತಿದ್ದ ಅಜ್ಜಿಗೆ ಗೊರಕೆ.

"ಏ ಮುಂಡೆ, ನಿಂತಲ್ಲೇ ಕನಸ ಕಾಣಾಕತ್ತಿ ಏನ?"

ಮ್ಯಾನೇಜರ್ ರಾಮ್‌ಪ್ರಸಾದ್. ವಿಶಾಖಪಟ್ಟಣದ ಆ ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತಾರು ಮಂಚ, ನರ್ಸು ಪಂಕಜಾ ಒಬ್ಬಳೇ. ಒಂದು ಕೈಯಲ್ಲಿ ಸಲೈನ್ ಬಾಟಲಿ, ಇನ್ನೊಂದರಲ್ಲಿ ಬೆಡ್‌ಪ್ಯಾನ್.

"ಇನ್‌ಸ್ಪೆಕ್ಷನ್‌ನೋರು ಲಿಫ್ಟ್ ಹತ್ಯಾರ. ನಮ್ಮ ಸಿರುಗುಪ್ಪದಾಕಿ ಅಂತ ಕೆಲಸ ಕೊಟ್ಟೀನಿ, ಮರ್ಯಾದಿ ಕಳೀಬ್ಯಾಡ."

"ಮೂಲಿ ಮಂಚದ ಅವ್ವನ್ನ ಮಗ್ಗಲಾ ಹೊರಳಿಸಬೇಕ್ರಿ ಸಾರ್. ನಿನ್ನಿಯಿಂದ ಕೇಳಾಕತ್ಯಾಳ. ಒಬ್ಬಾಕಿ ಕೈಲೆ ಆಗಂಗಿಲ್ಲ, ಇನ್ನೊಬ್ರನ್ನ ಕೊಡ್ರಿ."

"ಕೊಟ್ಟೀನಲ್ಲ, ಕಣ್ಣು ಕುರುಡೇನ?"

ಪಂಕಜಾ ತಿರುಗಿ ನೋಡಿದಳು. ನಾಲ್ಕು ಮಂಚಕ್ಕೊಬ್ಬಳಂತೆ ಬಿಳಿ ಯೂನಿಫಾರ್ಮು, ಟೋಪಿ. ಕ್ಯಾಂಟೀನಿನವರು, ಕಸ ಗುಡಿಸುವವರು, ಲಾಂಡ್ರಿಯ ದುರ್ಗಾಭವಾನಿ. ಬಾಯಿ ಬಿಡಬಾರದು, ಪೇಷಂಟನ್ನು ಮುಟ್ಟಬಾರದು ಎಂದು ರಾಮ್‌ಪ್ರಸಾದ್ ತೆಲುಗಿನಲ್ಲಿ ತಾಕೀತು ಮಾಡಿದ.

ಮೂಲೆಯ ಮಂಚದಲ್ಲಿ ಕಮಲಾಕ್ಷಿ. ಬಳ್ಳಾರಿ ಕಡೆಯಿಂದ ಮದುವೆಯಾಗಿ ಬಂದು, ಬಂದರಿನಲ್ಲಿ ಕಲ್ಲಿದ್ದಲು ಗುಡಿಸಿ, ಅಲ್ಲೇ ಬಿದ್ದು ಸೊಂಟ ಮುರಿದುಕೊಂಡವಳು.

"ಬಂದೆ ಬೇ, ಬಂದೆ ಬೇ ಅಂತಿ. ನಿನ್ನ 'ಬಂದೆ'ಗ ಬೆಂಕಿ ಹಚ್ಚ! ನೀ ಬರೋದ್ರಾಗ ಬೆನ್ನಾಗ ಹುಳ ಮರಿ ಹಾಕ್ತಾವು."

"ಇವತ್ತು ಹೊರಳಿಸ್ತೀನಿ ಬೇ. ನಮ್ಮಜ್ಜಿ ಆಣಿ."

ಕನ್ನಡ ಬಾರದ ಅಧಿಕಾರಿ ಬಂದ. ಬಿಳಿ ಬಟ್ಟೆಗಳ ಸಾಲು ನೋಡಿ ತಲೆದೂಗಿದ.

"ನಾಲ್ಕು ಪೇಷಂಟಿಗೆ ಒಬ್ಬ ನರ್ಸು ಸಾರ್," ರಾಮ್‌ಪ್ರಸಾದ್ ತೆಲುಗಿನಲ್ಲಿ ಹೇಳಿ ಕೈ ಮುಗಿದ. "ನಮ್ಮಲ್ಲಿ ಪೇಷಂಟೇ ದೇವರು."

ಮೂಲೆಯ ದೇವರು ನರಳಿತು.

ಪಂಕಜಾ ಬಾಟಲಿ, ಬೆಡ್‌ಪ್ಯಾನ್ ಎರಡೂ ಕೆಳಗಿಟ್ಟಳು. "ದುರ್ಗಾ, ಬಾ. ಆ ಕಡೆ ಹಿಡಿ."

ದುರ್ಗಾಭವಾನಿ ಗೋಡೆಗಂಟಿಕೊಂಡಳು. ಅಧಿಕಾರಿ ನಕ್ಕ. "ಹೋಗಮ್ಮಾ, ಸಿಸ್ಟರ್ ಕರೀತಿದ್ದಾರಲ್ಲ."

ಅವಳು ಟೋಪಿ ಕಿತ್ತು ಮಂಚದ ಮೇಲೆ ಒಗೆದಳು. "ನಾನು ನರ್ಸಲ್ಲ ಸಾರ್, ಲಾಂಡ್ರಿ. ಈಯಮ್ಮನ ದುಪ್ಪಟಿಯ ಕೀವು ಒಗೆಯೋಳು. ಎಲ್ಲಿ ಹಿಡೀಲಿ ಹೇಳಕ್ಕಾ."

ರಾಮ್‌ಪ್ರಸಾದನ ಮುಖದಲ್ಲಿ ಇನ್ನೂ ನಗೆ. ಅಧಿಕಾರಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಹಲ್ಲು ಕಡಿದ: "ಸೂಳೇರಾ, ಈಗಿಂದೀಗ ಇಬ್ರೂ ಹೊರಗ ಬೀಳ್ರಿ."

"ಬೀಳ್ತೀವ್ರಿ, ಕೆಲಸ ಮುಗಿಸಿ." ಪಂಕಜಾ ತೋಳೇರಿಸಿದಳು. "ದುರ್ಗಾ, ಭುಜ ನಿಂದು, ಸೊಂಟ ನಂದು. ಹಾಂ, ಎತ್ತು!"

ಬೆನ್ನಿಗೆ ಅಂಟಿದ್ದ ಹಾಸಿಗೆಯ ದುಪ್ಪಟಿ ಜೊತೆಗೇ ಎದ್ದು, ಸರ್ರನೆ ಬಿಟ್ಟುಕೊಂಡಿತು. ಮಲಗಿದಲ್ಲೇ ಮಲಗಿ ಆದ ಅಂಗೈಯಗಲದ ಗಾಯ, ಅದರೊಳಗೆ ಬಿಳಿ ಮೂಳೆ, ಅಧಿಕಾರಿಯ ಮುಖಕ್ಕೆ ನೇರ. ಅವನು ಕರವಸ್ತ್ರಕ್ಕೆ ಜೇಬು ತಡಕಿದ.

ಪಂಕಜಾ ಮೊಣಕಾಲುಗಳ ನಡುವೆ ದಿಂಬು ಇಟ್ಟಳು. ಕಿಟಕಿಯ ಕಡೆ ಮಗ್ಗುಲಾದ ಕಮಲಾಕ್ಷಿ ಉಸಿರು ಬಿಟ್ಟಳು.

"ಬಂದೆ ಅಂದಾಕಿ, ಬಂದಿ ನೋಡು."